ಪಾದರಸನ ಕಾಳಿನ ಡಬ್ಬಿ

ಅಗ್ನಿಶಾಮಕ ಠಾಣೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಪಾದರಸ ಅಂದರೆ ಸಾಕು. ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಕ್ಷೌರದ ಕುರ್ಚಿಯಲ್ಲೂ ಅಲುಗಾಡಿ ಅಲುಗಾಡಿ ಅವನ ಮೀಸೆ ಒಂದು ಕಡೆ ಸದಾ ಗಿಡ್ಡ. ಇಂಥವನಿಗೂ ಐವತ್ತರ ಹತ್ತಿರ ಬಂದಾಗ ಹೊಟ್ಟೆ ಬಂತು. ಓಡಾಡುವವನಿಗೆ ಹೊಟ್ಟೆ ಎಲ್ಲಿಂದ ಬಂತು ಅಂತ ಕೇಳಬೇಡಿ. ಠಾಣೆಯಲ್ಲಿ ಕರೆ ಬರುವ ತನಕ ಕಾಯಬೇಕು, ಕಾಯುವುದು ಅವನಿಂದ ಆಗದು, ಹಾಗಾಗಿ ತಿನ್ನುತ್ತಿದ್ದ.

ಹೊಸ ಏಣಿ ಬಂಡಿ ಬರುತ್ತಿದೆ ಎಂದು ಠಾಣೆಯ ಸಾಹೇಬರು ಹೇಳಿದ ದಿನ ಅವನ ನೆಮ್ಮದಿ ಕೆಟ್ಟಿತು. ಆ ಬಂಡಿಯಲ್ಲಿ ಹಿರಿಯರ ಪೈಕಿ ಒಬ್ಬರಿಗೇ ಜಾಗ. ಹೆಗಲ ಮೇಲೆ ನೀರಿನ ಪೈಪು ಹೊತ್ತು ಯಾರು ಬೇಗ ಏಣಿ ಹತ್ತುತ್ತಾರೋ ಅವರು ಬಂಡಿಗೆ, ಇನ್ನೊಬ್ಬರು ಫೋನಿನ ಕೋಣೆಗೆ. ಹಿರಿಯರು ಅಂದರೆ ಇದ್ದವರೇ ಇಬ್ಬರು, ಪಾದರಸ ಮತ್ತು ಅವನ ಜೊತೆಗಾರ ಉದ್ದಣ್ಣ. ಮೀಸೆ ಚಿಗುರುವ ವಯಸ್ಸಿನಿಂದ ಒಂದೇ ಏಣಿಯಲ್ಲಿ ದುಡಿದವರು. ಒಬ್ಬ ಹತ್ತಿದರೆ ಇನ್ನೊಬ್ಬ ಬುಡ ಹಿಡಿಯಬೇಕು.

ಫೋನಿನ ಕೋಣೆಯ ಕಿಟಕಿ ತೆರೆದರೆ ಎದುರಿಗೆ ಪಕ್ಕದ ಗೋಡೆ. ಒಳಗೆ ಒಂದು ಮೇಜು, ಎರಡು ಫೋನು, ಸೀಟು ಕುಸಿದ ಒಂದು ಕುರ್ಚಿ. ಅದರಲ್ಲಿ ದಿನವಿಡೀ ಕೂರುವುದೆಂದರೆ ಪಾದರಸನಿಗೆ ಜೀವಂತ ಸಮಾಧಿ.

"ತೂಕ ಇಳಿಸಿ. ಬ್ರೆಡ್ಡು, ಸಕ್ಕರೆ, ಕರಿದಿದ್ದು ಬಿಡಿ. ಕಾಳು ತಿನ್ನಿ, ಪ್ರೋಟೀನ್ ಸಿಗುತ್ತೆ, ಹೊಟ್ಟೆನೂ ತುಂಬುತ್ತೆ," ಎಂದರು ಡಾಕ್ಟರು. ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಆಗ ಶಾಲೆ ಶುರುವಾಗುವ ಸಮಯ, ಹೊಲಿಗೆ ಮಿಷನ್ನಿನ ಸುತ್ತ ಸಮವಸ್ತ್ರದ ಗುಡ್ಡ. "ನಿಮ್ಮ ಕಾಳು ನೀವೇ ಬೇಯಿಸ್ಕೊಳ್ಳಿ ರೀ. ನನಗೆ ಕೈ ಬಿಡುವಿಲ್ಲ," ಎಂದುಬಿಟ್ಟಳು.

ಬೇಯಿಸಿದ. ಬೆಂದ ಕಡಲೆಕಾಳನ್ನು ಬೆಳ್ಳುಳ್ಳಿ, ಮೆಣಸಿನಪುಡಿ ಹಾಕಿ ಬಾಣಲೆಯಲ್ಲಿ ಹೊರಳಾಡಿಸಿದ. ಹೆಸರುಕಾಳು ಮೊಳಕೆ ಬರಿಸಿ ಸೌತೆಕಾಯಿ ಹೆಚ್ಚಿ ಹಾಕಿ ನಿಂಬೆಹಣ್ಣು ಹಿಂಡಿದ. ಅಲಸಂದೆ ಅರೆದು ಈರುಳ್ಳಿ ಸೇರಿಸಿ, ತಟ್ಟಿ, ಕಾವಲಿಯ ಮೇಲೆ ಎರಡು ಹನಿ ಎಣ್ಣೆಯಲ್ಲಿ ಸುಟ್ಟ. ರುಚಿಯೇನೋ ಬರುತ್ತಿತ್ತು, ಕಾಯುವುದೇ ಕಷ್ಟವಾಗಿತ್ತು. ನೆನೆಹಾಕಿದ ಕಾಳಿಗೆ ಗಳಿಗೆಗೊಮ್ಮೆ ಬೆರಳದ್ದಿ ನೋಡುವನು. ಪಾತ್ರೆಯ ಮುಚ್ಚಳ ತೆಗೆಯುವನು, ಒಂದು ಕಾಳು ಬಾಯಿಗೆ ಹಾಕಿಕೊಂಡು ನಾಲಿಗೆ ಸುಟ್ಟುಕೊಳ್ಳುವನು, ಮತ್ತೆ ಮುಚ್ಚುವನು.

"ಅದನ್ನ ಅದರ ಪಾಡಿಗೆ ಬಿಡ್ರಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳಿದ್ದಾರಾ?"

"ಇಷ್ಟು ಹೊತ್ತಲ್ಲಿ ನಾನು ಒಂದು ಗೋದಾಮಿನ ಬೆಂಕಿ ಆರಿಸಿ ಬರ್ತಿದ್ದೆ ಕಣೇ!"

"ಆರಿಸೋದು ಗೊತ್ತು ನಿಮಗೆ. ಉರಿಸೋದು ಗೊತ್ತಿಲ್ಲ."

ಡಬ್ಬಿಯಲ್ಲಿ ಇಬ್ಬರಿಗಾಗುವಷ್ಟು ತುಂಬಿಕೊಂಡು ಹೋಗುತ್ತಿದ್ದ. ಉದ್ದಣ್ಣ ಒಂಟಿ ಮನುಷ್ಯ, ವರ್ಷಗಳಿಂದ ಈ ಡಬ್ಬಿಯ ಪಾಲುದಾರ. ಎದುರಾಳಿಗೆ ಯಾರಾದರೂ ಶಕ್ತಿ ತುಂಬುತ್ತಾರೆಯೇ ಎಂದು ಹೆಂಡತಿ ಕೆಣಕಿದರೆ, "ಅವನ ಮುಂದೆ ಒಬ್ಬನೇ ತಿಂದ್ರೆ ಗಂಟಲಲ್ಲಿ ಇಳಿಯುತ್ತಾ?" ಎಂದು ರೇಗುತ್ತಿದ್ದ. ಉದ್ದಣ್ಣನೂ ಚಪ್ಪರಿಸಿ ತಿಂದು, "ಕಾಳೇನೋ ಸರಿ ಕಣೋ. ಆದ್ರೆ ಇನ್ಮೇಲೆ ಏಣಿ ಮೇಲೆ ನಿನ್ನ ಹಿಂದೆ ನಾನು ಬರಲ್ಲ. ಗಾಳಿ ಯಾವ ಕಡೆ ಬೀಸುತ್ತೋ ಯಾರಿಗೆ ಗೊತ್ತು!" ಎಂದರೆ ಠಾಣೆಗೆ ಠಾಣೆಯೇ ಬಿದ್ದು ಬಿದ್ದು ನಗುತ್ತಿತ್ತು. ಪಾದರಸನ ಹೊಟ್ಟೆ ಮಾತ್ರ ನಿಜವಾಗಿಯೂ ಕರಗುತ್ತಾ ಬಂತು.

ಇಲ್ಲಿ ಠಾಣೆಯ ಒಂದು ಪದ್ಧತಿ ಹೇಳಲೇಬೇಕು. ಹಿಂದೊಮ್ಮೆ ಊರಿನ ಬೆಂಕಿ ಆರಿಸಲು ಎಲ್ಲರೂ ಓಡಿದಾಗ ಇವರದೇ ಅಡುಗೆಮನೆಯ ಒಲೆ ಉರಿಯುತ್ತಾ ಉಳಿದು, ಠಾಣೆಗೇ ಬೆಂಕಿ ಬಿದ್ದಿತ್ತು. ಊರೆಲ್ಲ ನಕ್ಕಿತು. ಅಂದಿನಿಂದ ಗಂಟೆ ಹೊಡೆಯಿತೆಂದರೆ ಒಲೆಯ ಮುಂದಿದ್ದವನು ಮೊದಲು ಗ್ಯಾಸ್ ಆರಿಸಬೇಕು, ಆಮೇಲೆ ಬೂಟು. ವರ್ಷಾನುಗಟ್ಟಲೆ ಇದನ್ನೇ ಮಾಡಿ ಕೈಗೆ ಅಭ್ಯಾಸ ಕೂತುಬಿಟ್ಟಿತ್ತು. ಮನಸ್ಸನ್ನು ಕೇಳದೆಯೇ ಕೈ ಹೋಗುತ್ತಿತ್ತು.

ಪರೀಕ್ಷೆಯ ದಿನ ಬೆಳಗ್ಗೆ ಒಲೆಯ ಮೇಲೆ ಕೆಂಪು ರಾಜ್ಮಾ. ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ನೀರು ಕುದಿ ಹತ್ತಿದ ಹೊತ್ತಿಗೆ ಬಾಗಿಲ ಗಂಟೆ ಹೊಡೆಯಿತು. ಹೊಲಿಯಲು ಕೊಟ್ಟಿದ್ದ ಬಟ್ಟೆ ಕೇಳಿಕೊಂಡು ಒಬ್ಬ ಹೆಂಗಸು ಬಂದಿದ್ದಳು. ಗುಡ್ಡದೊಳಗೆ ಕೈಹಾಕಿ ಹುಡುಕಿ, ಕೊಟ್ಟು ಕಳಿಸಿ, ಅಡುಗೆಮನೆಗೆ ಬಂದು ನೋಡಿದರೆ ಒಲೆ ಆರಿತ್ತು. ನಾನೇ ಆರಿಸಿದ್ದೇನೆ, ಅಂದಮೇಲೆ ಬೆಂದಿರಬೇಕು ಎಂದುಕೊಂಡ. ಪ್ರತಿದಿನ ಹತ್ತು ಸಲ ಕಾಳು ಕಚ್ಚಿ ನೋಡುವ ಮಹಾಶಯ ಅವತ್ತು ಒಂದನ್ನೂ ಕಚ್ಚಲಿಲ್ಲ! ಪರೀಕ್ಷೆಯ ಗಡಿಬಿಡಿಯಲ್ಲಿ ತಿನ್ನುವ ಮಾತೇ ಇರಲಿಲ್ಲ. ಟೊಮೆಟೊ, ಈರುಳ್ಳಿ ಬಾಡಿಸಿ ಬೆರೆಸಿ, ಡಬ್ಬಿಗೆ ತುಂಬಿ ಹೊರಟ.

ಠಾಣೆಯಲ್ಲೂ ಅವನಿಗೆ ತುತ್ತು ಇಳಿಯಲಿಲ್ಲ. ಉದ್ದಣ್ಣ ಇಬ್ಬರ ಪಾಲನ್ನೂ ಮುಗಿಸಿದ. "ಇವತ್ತು ಸ್ವಲ್ಪ ಗಟ್ಟಿ ಇದೆಯಲ್ಲೋ?" ಅಂದ. "ಜಗಿ, ಜಗಿದಷ್ಟೂ ಶಕ್ತಿ," ಅಂದ ಪಾದರಸ.

ಮೊದಲು ಹತ್ತಿದ್ದು ಪಾದರಸ. ಉದ್ದಣ್ಣ ಬುಡ ಹಿಡಿದಿದ್ದ. ಭೇಷಾಗಿ ಹತ್ತಿದ, ಹೊಗೆ ಮೇಲೇರಿದ ಹಾಗೆ ಏರಿದ. ಇಳಿದು ಬರುವಾಗ ಉದ್ದಣ್ಣನ ಮುಖ ಬಿಳಿಚಿದ್ದು ಕಂಡಿತು, ಪರೀಕ್ಷೆಯ ಭಯ ಇರಬೇಕು ಎಂದುಕೊಂಡ. ಉದ್ದಣ್ಣ ಅರ್ಧ ಹತ್ತಿ ನಿಂತುಬಿಟ್ಟ. ಮೆಟ್ಟಿಲು ತಬ್ಬಿಕೊಂಡು, ತಡವರಿಸಿ ಇಳಿದು, ಬಂಡಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡ. ಒಂದು ಸಲವಲ್ಲ, ನಿಲ್ಲಲಾಗದ ಹಾಗೆ. ಅವನನ್ನು ಆಸ್ಪತ್ರೆಗೆ ಕಳಿಸಿದರು.

"ರಾತ್ರಿ ಏರಿಸ್ಕೊಂಡು ಬಂದಿರ್ಬೇಕು," ಎಂದು ಸಾಹೇಬರು ಮುಖ ಸಿಂಡರಿಸಿದರು. "ಹೊಸ ಬಂಡಿ ನಿಮಗೆ. ಹೋಗಿ, ಮನೇಲಿ ಸಿಹಿ ಹಂಚಿ."

ಸಂತೋಷದಲ್ಲಿ ಮನೆಗೆ ಹಾರಿ ಬಂದ. ಜೊತೆಗಾರನ ನೆನಪಾಗಿ ಪಾಪ ಅನ್ನಿಸಿತು, ಆದರೆ ಸಂತೋಷವೇನೂ ಸುಳ್ಳಲ್ಲ. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆಯ ತಳದಲ್ಲಿ ಉಳಿದ ಕಾಳನ್ನು ಬೆರಳಲ್ಲಿ ಹಿಚುಕುತ್ತಿದ್ದಳು. ಕಾಳು ಜಾರಿ ಟಣ್ಣೆಂದು ಪಾತ್ರೆಗೆ ಬಿತ್ತು.

"ಇದು ಬೆಂದೇ ಇಲ್ಲವಲ್ಲ ರೀ! ರಾಜ್ಮಾ ಅರೆಬೆಂದಿದ್ರೆ ವಿಷ. ಕರುಳು ಕಿತ್ತು ಬರೋ ಹಾಗೆ ವಾಂತಿ ಆಗುತ್ತೆ. ನೀವು ತಿಂದ್ರಾ?"

ಪಾದರಸನಿಗೆ ಬೆಳಗಿನ ಬಾಗಿಲ ಗಂಟೆ ನೆನಪಾಯಿತು, ಒಲೆಯತ್ತ ಹೋದ ತನ್ನ ಕೈ ನೆನಪಾಯಿತು. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಮಿಷನ್ನಿಗೆ ಸುತ್ತತೊಡಗಿದ. ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಉದ್ದಣ್ಣ ತಿಂದು ಆಸ್ಪತ್ರೆ ಸೇರಿದ್ದನ್ನು ಹೇಳಿ, "ಯಾರಿಗೂ ಗೊತ್ತಿಲ್ಲ ಕಣೇ," ಎಂದ ಕೊನೆಗೆ.

"ನಾನು ಯಾರೂ ಅಲ್ವಾ?" ಎಂದಳು ಅವಳು.

ಆಸ್ಪತ್ರೆಗೆ ಹೋದ. ಮಂಚ ಸಾಲದೆ ಉದ್ದಣ್ಣ ಮೊಣಕಾಲು ಮಡಚಿ ಮಲಗಿದ್ದ, ಕೈಗೆ ಡ್ರಿಪ್ಪು. ಕುಂಬಳಕಾಯಿ ಕಳ್ಳನ ಹಾಗೆ ಪಾದರಸ ಬಾಗಿಲಲ್ಲೇ ಹೆಗಲು ಒರೆಸಿಕೊಳ್ಳುತ್ತಾ ನಿಂತ. ಉದ್ದಣ್ಣನೇ ಮಾತು ತೆಗೆದ. "ಏಣಿ ಮೇಲೆ ತಲೆ ತಿರುಗಿತು ಕಣೋ. ಇಷ್ಟು ವರ್ಷದಲ್ಲಿ ಮೊದಲನೇ ಸಲ ಭಯ ಆಯ್ತು. ನನಗೆ ವಯಸ್ಸಾಯ್ತು ಅಂತ ಕಾಣುತ್ತೆ. ಹೋಗ್ಲಿ ಬಿಡು, ಜಾಗ ನಿನಗೆ ಸಿಕ್ತಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವನು ತನ್ನನ್ನೇ ಮುದುಕ ಎಂದುಕೊಂಡದ್ದನ್ನು ಪಾದರಸನಿಗೆ ತಡೆಯಲಾಗಲಿಲ್ಲ.

"ವಯಸ್ಸೂ ಇಲ್ಲ, ಮಣ್ಣೂ ಇಲ್ಲ. ಕಾಳು ಬೆಂದಿರ್ಲಿಲ್ಲ. ಮಧ್ಯದಲ್ಲಿ ನಾನೇ ಒಲೆ ಆರಿಸ್ಬಿಟ್ಟಿದ್ದೆ."

ಉದ್ದಣ್ಣ ದಿಂಬಿನಿಂದ ತಲೆ ಎತ್ತಿದ. "ನೀನು ಒಂದು ಕಾಳೂ ಮುಟ್ಟಲಿಲ್ಲ ಇವತ್ತು."

"ಇಲ್ಲ."

"ಬೇಕಂತ ಮಾಡಿದ್ಯಾ?"

"ನಿನ್ನಾಣೆ ಇಲ್ಲ ಕಣೋ!"

ಉದ್ದಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ಪಾದರಸ ಅಲ್ಲಿಂದ ನೇರ ಸಾಹೇಬರ ಬಳಿ ಓಡಿದ. ನಿಧಾನಿಸಿದರೆ ಮನಸ್ಸು ಬದಲಾಗುತ್ತದೆಂಬುದು ಅವನಿಗೇ ಚೆನ್ನಾಗಿ ಗೊತ್ತಿತ್ತು. ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದ. ಸಾಹೇಬರು ತಲೆ ಚಚ್ಚಿಕೊಂಡು, "ಕೈಗೆ ಬಂದ ತುತ್ತನ್ನ ನೀವೇ ಚೆಲ್ಲಿಕೊಳ್ತಿದ್ದೀರಲ್ರೀ!" ಎಂದರು. ಆದರೂ ಉದ್ದಣ್ಣ ಚೇತರಿಸಿಕೊಂಡ ಮೇಲೆ ಇನ್ನೊಂದು ಸಲ ಹತ್ತಲಿ ಎಂದು ಒಪ್ಪಿದರು.

ಮರುಪರೀಕ್ಷೆಯ ದಿನ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ವಿಷಯ ಅಷ್ಟರಲ್ಲಿ ಠಾಣೆ ತುಂಬಾ ಹಬ್ಬಿತ್ತು, ಕೆಲವರು ಪಾದರಸನನ್ನು ಓರೆಗಣ್ಣಲ್ಲಿ ನೋಡುತ್ತಿದ್ದರು. ಸಾಹೇಬರು ಬುಡ ಹಿಡಿಯಲು ಬೇರೆಯವನನ್ನು ಕರೆದರು. ಉದ್ದಣ್ಣ ಪೈಪು ಹೆಗಲಿಗೇರಿಸುತ್ತಾ, "ಬೇಡ ಸಾರ್. ಅವನೇ ಹಿಡೀಲಿ," ಎಂದ.

ಪಾದರಸ ಬಂದು ಎರಡೂ ಕಾಲು ಊರಿ ಏಣಿ ಹಿಡಿದ. ಉದ್ದಣ್ಣ ಹತ್ತಿದ. ಪ್ರತಿ ಹೆಜ್ಜೆಯ ಭಾರವೂ ಅಂಗೈಗೆ ಗೊತ್ತಾಗುತ್ತಿತ್ತು. ಎಂಥ ಹತ್ತುವಿಕೆ! ಅರ್ಧ ದಾಟುವಾಗಲೇ ಪಾದರಸನಿಗೆ ತಿಳಿದುಹೋಯಿತು, ಇವನು ನನಗಿಂತ ಮುಂದಿದ್ದಾನೆ. ಫೋನಿನ ಕೋಣೆಯ ಕುರ್ಚಿ ಕಣ್ಣ ಮುಂದೆ ಬಂತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಬೇಕು. ಏಣಿ ಒಂದು ಕೂದಲೆಳೆಯಷ್ಟು ಅಲುಗಿದ್ದರೂ ಮೇಲಿನವನು ಒಂದು ಕ್ಷಣ ತಡೆಯುತ್ತಿದ್ದ. ಮೂಗಿನ ಮೇಲೆ ನೊಣ ಕೂತಿತು, ಬೆವರು ಕಣ್ಣಿಗೆ ಇಳಿಯಿತು. ಏಣಿ ಅಲುಗಲಿಲ್ಲ.

ಮೇಲಿನಿಂದ ಉದ್ದಣ್ಣ ಕೈ ಎತ್ತಿದಾಗ ಅಂಗಳವೆಲ್ಲ ಚಪ್ಪಾಳೆ. ಅವನು ಇಳಿದು ಬಂದು, ಪೈಪು ನೆಲಕ್ಕೆ ಹಾಕಿ, ಏದುಸಿರಲ್ಲೇ ಕೇಳಿದ:

"ನಾಳೆಯಿಂದ ನನ್ನ ಏಣಿ ಯಾರು ಹಿಡೀತಾರೆ, ಹೇಳೋ?"

ಪಾದರಸ ಏಣಿಯನ್ನು ಇನ್ನೂ ಎರಡೂ ಕೈಯಲ್ಲಿ ಹಿಡಿದೇ ನಿಂತಿದ್ದ. "ಬಿಡ್ರೀ ಇನ್ನು, ಮುಗೀತಲ್ಲ," ಎಂದರು ಸಾಹೇಬರು. ಪಾದರಸ ಬಿಡಲಿಲ್ಲ.