ಒಂದು ತೋಳಿನಷ್ಟು ನಿಧಾನ

ಕಂಪ್ಯೂಟರ್ ಅಂಗಡಿಯ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತ ಆಕೆ ಚೀಲದಿಂದ ಮೊದಲು ಪೆನ್‌ಡ್ರೈವ್ ತೆಗೆದಳು. ಆಮೇಲೆ ಉಣ್ಣೆಯ ಉಂಡೆ ಮತ್ತು ಹೆಣಿಗೆ ಕಡ್ಡಿಗಳನ್ನು ತೆಗೆದಳು. ಪೆನ್‌ಡ್ರೈವ್ ನೋಡಿ ತಲೆಯಾಡಿಸಿದ ಅಂಗಡಿಯವನು ಉಣ್ಣೆ ನೋಡಿ ಕಕ್ಕಾಬಿಕ್ಕಿಯಾದ.

"ಏನಮ್ಮ, ಸಂಜೆವರೆಗೂ ಇಲ್ಲೇ ಕೂರೋ ಯೋಚನೆನಾ?"

"ಅದು ನಿಮ್ಮ ಲ್ಯಾಪ್‌ಟಾಪಿಗೆ ಬಿಟ್ಟಿದ್ದು."

ಜೊತೆಗೆ ಬಂದಿದ್ದ ನಾದಿನಿ ಮುಖ ತಿರುಗಿಸಿ ನಕ್ಕಳು. ಅವಳಿಗೆ ಆ ಉಣ್ಣೆಯ ಕಥೆ ಗೊತ್ತಿತ್ತು.

ಮದುವೆಯ ವಿಡಿಯೊಗಳನ್ನು ಕತ್ತರಿಸಿ ಜೋಡಿಸುವುದು ಆಕೆಯ ಕಸುಬು. ಸ್ಟುಡಿಯೊ ಒಂದರಲ್ಲಿ ನೆಲ ಗುಡಿಸಲು ಸೇರಿದವಳು ಬೇರೆಯವರ ಬೆನ್ನ ಹಿಂದೆ ನಿಂತು ನೋಡಿ ನೋಡಿಯೇ ಕಲಿತಿದ್ದಳು. ಸ್ಟುಡಿಯೊದಲ್ಲಿ ಎರಡು ಕಂಪ್ಯೂಟರ್ ಇದ್ದವು. ಹೊಸದು ಮಾಲೀಕರ ಬಾಮೈದನಿಗೆ, ಅಜ್ಜನ ಕಾಲದ್ದು ಆಕೆಗೆ. ಜೋಡಿಸುವ ಕೆಲಸವೆಲ್ಲ ಮುಗಿದ ಮೇಲೆ ಚಿತ್ರ ಪೂರ್ತಿಯಾಗಿ ಹೊರಬರಬೇಕಲ್ಲ, ರೆಂಡರ್ ಅನ್ನುತ್ತಾರೆ, ಆಗ ಪರದೆಯ ಮೇಲಿನ ನೀಲಿ ಪಟ್ಟಿ ಬಸುರಿ ಮೆಟ್ಟಿಲು ಹತ್ತಿದ ಹಾಗೆ ಸಾಗುತ್ತಿತ್ತು. ಮಧ್ಯೆ ಬೇರೇನೂ ಮುಟ್ಟುವಂತಿಲ್ಲ, ಮುಟ್ಟಿದರೆ ಯಂತ್ರ ಮುಗ್ಗರಿಸುತ್ತಿತ್ತು. ಸುಮ್ಮನೆ ಕೂರಲಾರದ ಕೈ ಹೆಣಿಗೆಗೆ ಇಳಿಯಿತು. ನಾದಿನಿಯ ಮದುವೆಯ ಚಿತ್ರ ಆ ಯಂತ್ರದಿಂದ ಹೊರಬರುವಷ್ಟರಲ್ಲಿ ಸ್ವೆಟರಿನ ಇಡೀ ತೋಳು ಮುಗಿದಿತ್ತು. ಬಾಮೈದ ರಜೆ ಹಾಕಿದ ದಿನ ಅದೇ ಚಿತ್ರವನ್ನು ಅವನ ಕಂಪ್ಯೂಟರಿನಲ್ಲಿ ಹಾಕಿ ನೋಡಿದಳು. ತೋಳಿನ ತುದಿಯ ಪಟ್ಟಿಯಷ್ಟೇ ಹೆಣೆದು ಮುಗಿಯುವಾಗ ಚಿತ್ರವೂ ಮುಗಿದಿತ್ತು. ತಡ ಯಂತ್ರದ್ದೆಂದು ಖಾತ್ರಿಯಾದದ್ದು ಅಂದೇ.

"ನಮ್ಮ ಆಮೆ ಇನ್ನೂ ತೆವಳ್ತಾ ಇದೆ" ಎಂದು ಮಾಲೀಕರು ಗಿರಾಕಿಗಳ ಎದುರು ನಗುತ್ತಿದ್ದರು. ಆಮೆ ಎಂಬುದೇ ಹೆಸರಾಯಿತು. ಚಹಾ ತರುವವನೂ ಹಾಗೇ ಕರೆದ. ಕೊನೆಗೊಂದು ದಿನ ಮದುವೆ ಹಾಲ್‌ನ ಮ್ಯಾನೇಜರ್ ಬಂದು, "ವಿಡಿಯೊ ಯಾಕ್ರೀ ಇಷ್ಟು ತಡ?" ಎಂದು ದಬಾಯಿಸಿದಾಗ ಮಾಲೀಕರು ಬೆರಳು ತೋರಿಸಿದ್ದು ಆಕೆಯ ಕಡೆಗೆ.

"ಇವಳ ಕೈ ನಿಧಾನ ಸಾರ್. ಇವತ್ತೇ ಕೆಲಸದಿಂದ ಕಳಿಸಿಬಿಡ್ತೀನಿ."

ಕಳಿಸಿಯೂ ಬಿಟ್ಟರು. ಆಕೆ ಅರ್ಧ ಹೆಣೆದ ತೋಳನ್ನು ಚೀಲಕ್ಕೆ ತುರುಕಿ ಹೊರಬಂದಳು. ಮನೆಯಲ್ಲಿ ದೇವರ ಮುಂದೆ ಕೂತಾಗ ಸೇಡು ಕೇಳಬಾರದೆಂದು ತಿಳಿದಿತ್ತು. ಹಾಗಾಗಿ ಒಳ್ಳೆಯ ಪ್ರೊಸೆಸರ್ ಸಿಗಲಿ ಎಂದಷ್ಟೇ ಕೇಳಿಕೊಂಡಳು. ದೇವರಿಗೆ ಅರ್ಥವಾಗದೆ ಇರುತ್ತದೆಯೇ?

ಈಗ ಅಂಗಡಿಯಲ್ಲಿ ನಾದಿನಿ ಫೋನಿನಲ್ಲಿ ಪ್ರೊಸೆಸರುಗಳ ವೇಗದ ಅಂಕ ಓದುತ್ತಿದ್ದಳು. "ಅತ್ತಿಗೆ, ಈ ತೆಳ್ಳಂದಕ್ಕೇ ಎಲ್ಲಕ್ಕಿಂತ ಜಾಸ್ತಿ ಅಂಕ. ನೋಡೋಕೂ ಲಕ್ಷಣವಾಗಿದೆ."

"ಅಂಕ ಇರಲಿ. ನಿನ್ನ ಮದುವೆ ಹಾಕು."

ಪೆನ್‌ಡ್ರೈವಿನ ಮದುವೆ ಆ ಲ್ಯಾಪ್‌ಟಾಪಿಗೆ ಇಳಿಯಿತು. ರೆಂಡರ್ ಒತ್ತಿ ಆಕೆ ಹೆಣೆಯತೊಡಗಿದಳು. ಮೊದಲ ಸಾಲು ಮುಗಿಯುವುದರೊಳಗೆ ನೀಲಿ ಪಟ್ಟಿ ಕುದುರೆಯಂತೆ ಓಡಿತು. ನಾದಿನಿ ಚಪ್ಪಾಳೆ ತಟ್ಟಿದಳು. ಆದರೆ ಸ್ವಲ್ಪ ಹೊತ್ತಿಗೆ ಫ್ಯಾನ್ ಏದುಸಿರು ಬಿಡತೊಡಗಿತು, ಪಟ್ಟಿ ಕುಂಟತೊಡಗಿತು. ತೋಳಿನ ಪಟ್ಟಿ ಮುಗಿದರೂ ನಾದಿನಿಯ ಮದುವೆ ಮುಗಿಯಲಿಲ್ಲ.

"ಪ್ರೊಸೆಸರ್ ಬಿಸಿ ಆದ್ರೆ ತಾನೇ ವೇಗ ಇಳಿಸಿಕೊಳ್ಳುತ್ತಮ್ಮ" ಎಂದ ಅಂಗಡಿಯವನು. "ಚಿಪ್ ಒಳ್ಳೇದೇ. ತೆಳು ಮೈಯಲ್ಲಿ ಗಾಳಿ ಆಡೋಕೆ ಜಾಗ ಇಲ್ಲ ಅಷ್ಟೇ. ಮೇಲ್ ನೋಡೋಕೆ, ಬರೆಯೋಕೆ ಚಿನ್ನದಂಥ ಮಾಲು."

ಆಕೆ ಹೆಣೆದದ್ದನ್ನು ಸರಸರನೆ ಬಿಚ್ಚಿದಳು. ಮುಂದಿನದು ಅಂಕದಲ್ಲಿ ಎರಡು ಮೆಟ್ಟಿಲು ಕೆಳಗಿದ್ದ, ದಪ್ಪಗೆ ಕಪ್ಪಗಿದ್ದ ಯಂತ್ರ. ಅದರ ಪಟ್ಟಿ ಗಡಿಬಿಡಿಯಿಲ್ಲದೆ ಹೊರಟು, ಹೊರಟ ವೇಗದಲ್ಲೇ ಹೋಗಿ ಮುಟ್ಟಿತು. ಕಡ್ಡಿಯ ಮೇಲೆ ತೋಳಿನ ಅರ್ಧ ಪಟ್ಟಿಯೂ ಆಗಿರಲಿಲ್ಲ.

"ಇಟ್ಟಿಗೆ ಥರ ಇದೆಯಲ್ಲ ಅತ್ತಿಗೆ!"

"ಇರಲಿ ಬಿಡೇ. ಬೇಕಾದ್ರೆ ಯಾರ ತಲೆ ಮೇಲಾದ್ರೂ ಹಾಕಬಹುದು."

"ಕಥೇಲಿ ಆಮೆನೇ ಗೆಲ್ಲೋದು ಕಣತ್ತಿಗೆ, ಇಷ್ಟೆಲ್ಲ ಯಾಕೆ?"

"ಕಥೇಲಿ ಮೊಲ ಮಲಗಿತ್ತು. ನಂಗೆ ಮೊಲ ಕಣ್ಣು ಬಿಟ್ಕೊಂಡು ನೋಡ್ತಿರುವಾಗ್ಲೇ ಗೆಲ್ಲಬೇಕು."

ಕಾದವಳಿಗೆ ಅವಕಾಶ ಬಂತು. ಅದೇ ಹಾಲ್‌ನಲ್ಲಿ ಒಂದು ಮದುವೆ. ಹೆಣ್ಣಿನ ಕಡೆಯವರು ಸ್ಟುಡಿಯೊಗೆ ಹೇಳಿದ್ದರು, ಗಂಡಿನ ಕಡೆಯವರು ಆಕೆಗೆ. ಕ್ಯಾಮೆರಾ ನಾದಿನಿಯ ಗಂಡನದು. ಆಕೆ ಮ್ಯಾನೇಜರ ಬಳಿ ಹೋಗಿ, "ಊಟ ಮುಗಿಸಿ ಜನ ಏಳೋದ್ರೊಳಗೆ ಬೆಳಗಿನ ಮದುವೆನ ನಿಮ್ಮ ದೊಡ್ಡ ಪರದೆ ಮೇಲೆ ತೋರಿಸ್ತೀನಿ" ಎಂದಳು. ಮ್ಯಾನೇಜರ್ ಹುಬ್ಬೇರಿಸಿದರು. "ಸ್ಟುಡಿಯೊದವರಿಗೂ ಹೇಳ್ತೀನಿ. ಯಾರದು ಮೊದಲು ಬರುತ್ತೋ ಅವರದ್ದೇ ಹಾಕ್ತೀನಿ. ಮುಂದಿನ ಮದುವೆಗಳಿಗೂ ಅವರೇ."

ವೇದಿಕೆಯ ಒಂದು ಮೂಲೆಯಲ್ಲಿ ಬಾಮೈದ ತನ್ನ ಕಂಪ್ಯೂಟರ್ ಹೊತ್ತು ತಂದು ಕೂತ, ಇನ್ನೊಂದು ಮೂಲೆಯಲ್ಲಿ ಆಕೆ. ಮಾಲೀಕರು ದಾಟಿಹೋಗುವಾಗ ಬಗ್ಗಿ, "ಏನಮ್ಮ ಆಮೆ, ಹಾಸಿಗೆ ತಂದಿದೀಯ ತಾನೇ?" ಎಂದರು. ಆಕೆ ಕೊಂಡುತಂದ ಆ ಕಪ್ಪು ಇಟ್ಟಿಗೆಯ ಮುಚ್ಚಳ ಎತ್ತಿದಳು. ಇಂದು ಸೋತರೆ ಆ ಹೆಸರು ಚಟ್ಟದವರೆಗೂ ಬರುತ್ತದೆಂದು ಗೊತ್ತಿತ್ತು. ದೃಶ್ಯಗಳನ್ನು ಆರಿಸಿ, ಕತ್ತರಿಸಿ, ಜೋಡಿಸಿ ರೆಂಡರ್ ಒತ್ತಿದಾಗ ಊಟದ ಸಾಲಿನಲ್ಲಿ ಇನ್ನೂ ಸಿಹಿ ಬಡಿಸುತ್ತಿದ್ದರು. ಆಮೇಲೆ, ಎಲ್ಲರಿಗೂ ಕಾಣುವಂತೆ, ಕಡ್ಡಿಗಳನ್ನು ಕೈಗೆತ್ತಿಕೊಂಡಳು.

ಸಾಲೊಂದು ಮುಗಿದು ತಿರುಗುವ ಮೊದಲೇ ಇಟ್ಟಿಗೆ ಕೆಲಸ ಮುಗಿಸಿತು.

ಪರದೆಯ ಮೇಲೆ ಮದುಮಗಳು ನಗುತ್ತಿದ್ದಂತೆ ಉಣ್ಣುತ್ತಿದ್ದವರೆಲ್ಲ ತುತ್ತು ಹಿಡಿದೇ ತಿರುಗಿದರು. ಬಾಮೈದ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ಅವನಿನ್ನೂ ಜೋಡಿಸಿಯೇ ಮುಗಿಸಿರಲಿಲ್ಲ. ಮ್ಯಾನೇಜರ್ ಆಕೆಯ ಬಳಿ ಬಂದರು. ಬೆನ್ನಿಗೇ ಮಾಲೀಕರೂ ಬಂದರು, ಮುಖ ಕೆಂಪಗೆ.

"ಇದರಲ್ಲೇನಿದೆ ಸಾರ್ ದೊಡ್ಡಸ್ತಿಕೆ? ಹೊಸ ಕಂಪ್ಯೂಟರ್ ಕೊಟ್ರೆ ಯಾರು ಬೇಕಾದ್ರೂ ಮಾಡ್ತಾರೆ. ಹಳೇದ್ರಲ್ಲಿ ಮಾಡಿ ತೋರಿಸಲಿ ನೋಡೋಣ!"

ಆಕೆ ಈ ಮಾತಿಗಾಗಿಯೇ ಕಾದಿದ್ದವಳಂತೆ ತಲೆಯೆತ್ತಿದಳು.

"ಯಜಮಾನ್ರೇ, ಹಳೇದಾದ್ರೆ ಯಾರಿಗೂ ಆಗಲ್ಲ ಅಂತ ನೀವೇ ಹೇಳಿದ್ರಿ. ಹಾಗಿದ್ರೆ ಅವತ್ತು ತಡ ಆಗಿದ್ದು ನನ್ನ ಕೈಯಿಂದಲ್ಲ ಅಂತ ಸಾರ್‌ಗೂ ಹೇಳಿಬಿಡಿ."

ಮ್ಯಾನೇಜರ್ ಒಮ್ಮೆ ಮಾಲೀಕರನ್ನು, ಒಮ್ಮೆ ಬಾಮೈದನ ಫಳಫಳಿಸುವ ಯಂತ್ರವನ್ನು ನೋಡಿದರು.

ಆಕೆ ಚೀಲದಿಂದ ದೊಡ್ಡದೊಂದು ಸ್ವೆಟರ್ ತೆಗೆದು ಮಾಲೀಕರ ತೋಳಿನ ಮೇಲೆ ಹಾಕಿದಳು. "ನಿಮ್ಮ ಅಳತೆಗೇ ಹೆಣೆದಿದೀನಿ. ಎಲ್ಲ ನಿಮ್ಮ ಹಳೇ ಕಂಪ್ಯೂಟರ್ ಮುಂದೆ ಕಾಯ್ತಾ ಕೂತಾಗಲೇ. ಕೈ ನಿಧಾನ ಆಗಿದ್ರೆ ಇಷ್ಟು ದೊಡ್ಡ ಮೈ ತುಂಬ್ತಿತ್ತಾ?"

ಪಕ್ಕದಲ್ಲಿದ್ದ ಅಡುಗೆಯವನು ಕಿಸಕ್ಕನೆ ನಕ್ಕ. ಮ್ಯಾನೇಜರ್ ಕೆಮ್ಮುವ ನೆಪದಲ್ಲಿ ತಿರುಗಿಕೊಂಡರು. ಮಾಲೀಕರು ಸ್ವೆಟರ್ ಬಿಸಾಡಲಿಲ್ಲ. ಹಿಡಿದುಕೊಂಡು ನಿಲ್ಲಲೂ ಆಗದೆ ಚಡಪಡಿಸುವಾಗ ಅದರ ಒಂದು ತೋಳು ನೇತಾಡುತ್ತಿತ್ತು. ಇನ್ನೊಂದು ತೋಳು ಅರ್ಧಕ್ಕೇ ನಿಂತಿರುವುದು ಆಗ ಅವರ ಕಣ್ಣಿಗೆ ಬಿತ್ತು.

"ಇದು..."

"ಅಷ್ಟರಲ್ಲಿ ಕೆಲಸ ಬಿಡಿಸಿದ್ರಲ್ಲ" ಎಂದಳು ಆಕೆ. "ಉಳಿದಿದ್ದನ್ನ ಬಾಮೈದರ ಕೈಲಿ ಹೆಣೆಸಿ. ಅವರ ಕೈ ಚುರುಕು."

ಕ್ಷಮೆ ದೊಡ್ಡದೆಂದು ಆಕೆಗೂ ಗೊತ್ತು. ಮನೆಗೆ ಹೋಗಿ ಕೈಕಾಲು ತೊಳೆದು ದೇವರ ಮುಂದೆ ದೀಪ ಹಚ್ಚುವಾಗ ಅದರ ಬಗ್ಗೆ ಯೋಚಿಸಿದಳು ಕೂಡ. ಆದರೆ ನೇತಾಡುತ್ತಿದ್ದ ಆ ತೋಳು ಕಣ್ಣ ಮುಂದೆ ಬಂದು, ಕೈಮುಗಿದಲ್ಲೇ ನಗು ಬಂತು. ಕ್ಷಮೆಯನ್ನು ಇನ್ನೊಂದು ದಿನಕ್ಕಿಟ್ಟು ಎದ್ದಳು.