ಎಮ್ಮೆಯ ಒಡಲಿನ ಮದುವೆಮನೆ

ಬೀಸುವ ಕಲ್ಲಿನ ಗರಗರ ಸದ್ದು ಕಿವಿಗೆ ಬಿದ್ದರೆ ಸಾಕು, ಮೋರಖಂಡಿಯ ಸೋನುಬಾಯಿ ಸೆರಗು ಸಿಕ್ಕಿಸಿ ಎದ್ದುಬಿಡುವಳು. ಯಾರ ಮನೆಯಲ್ಲೋ ಮದುವೆ ಹತ್ತಿರ ಬಂದಿದೆ ಎಂದರ್ಥ. ಬೀಸಲು, ಶಾವಿಗೆ ಹೊಸೆಯಲು ಕೇರಿಯ ಹೆಂಗಸರು ಸೇರದಿದ್ದರೆ ಅಡುಗೆಯವಳು ಒಬ್ಬಳೇ ಏನು ಮಾಡಿಯಾಳು?

ಗಂಡ ತೀರಿಕೊಂಡ ಮೇಲೆ ಅವಳ ಪಾಲಿಗೆ ಉಳಿದದ್ದು ಒಂದು ಎಮ್ಮೆ. ಅದು ಬಹಳ ದಿನದಿಂದ ಬೆದೆಗೆ ಬಂದಿರಲಿಲ್ಲ.

"ಬಂಜಿ ಎಮ್ಮಿಗಿ ಎಷ್ಟಂತ ಕಣಕಿ ಹಾಕ್ತಿ, ವೈನಿ? ಹುಮನಾಬಾದ್ ಸಂತಿಗಿ ಹೊಡಿಯೋಣು," ಎನ್ನುತ್ತಿದ್ದ ಮೈದುನ ಚನ್ನಬಸಪ್ಪ.

ಎಪ್ಪತ್ತರ ದಶಕದ ಒಂದು ಚಳಿಗಾಲ ಸೋನುಬಾಯಿ ಎಮ್ಮೆಯನ್ನು ಕಲ್ಯಾಣದ ದನದ ದವಾಖಾನೆಗೆ ನಡೆಸಿಕೊಂಡು ಹೋದಳು. ಡಾಕ್ಟರ್ ದೇವಿಂದ್ರಪ್ಪ ಈಸ್ಟ್ರೋಜನ್ ಸೂಜಿ ಚುಚ್ಚಿದರು.

"ಇದು ಏನ್ ಮಾಡ್ತದ್ರಿ ಸಾಹೇಬ್ರ?"

"ಗರ್ಭಚೀಲಾನ ಎಬ್ಬಿಸ್ತದವ್ವಾ. ಅಲ್ಲಿ ಕೆಲಸ ಮಾಡೋ ಕಿಣ್ವಕ್ಕ ಕೈಜೋಡಿಸಾಕ ಸಹಕಿಣ್ವ ಅನ್ನೋ ಜೊತಿಗಾರರು ಬೇಕು. ಈ ಔಷಧ ಮುಟ್ಟಿತಂದ್ರ ಗರ್ಭಚೀಲ ತಾನೇ ಅವನ್ನ ಹೆಚ್ಚು ಹೆಚ್ಚು ತಯಾರ್ ಮಾಡ್ಕೋತದ. ಆಗ ಸಕ್ಕರಿ ಉರಿದು ಬಲ ಬರ್ತದ, ಗ್ವಾಡಿ ತುಂಬಿ ಬೆಳೀತದ. ಆದ್ರ ಈ ಸಲ ಬೆದಿಗಿ ಬಂದ್ರೂ ಕೋಣಕ್ಕ ಬಿಡಬ್ಯಾಡ. ತತ್ತಿ ಇರೋದು ಅನುಮಾನ. ಮುಂದಿನ ಬೆದಿ ತಾನಾಗೇ ಬರಬೇಕು, ಅದಕ್ಕ ಕಾಯಿ."

ಮರಳುವ ದಾರಿಯಲ್ಲಿ ಅವಳು ಎಮ್ಮೆಯ ಬೆಚ್ಚನೆಯ ಪಕ್ಕೆಗೆ ಕೈ ಆನಿಸಿ ನಡೆದಳು. ಆ ಒಡಲೊಳಗೆ ಅವಳಿಗೆ ಒಂದು ಕೆಂಪು ಅಂಗಳ ಕಂಡಿತು. ಯಾರೋ ಕರೆದಂತೆ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಿದ್ದರು. ಒಬ್ಬಳ ಕೈಯಲ್ಲಿ ಜರಡಿ, ಒಬ್ಬಳ ಕಂಕುಳಲ್ಲಿ ಶಾವಿಗೆಮಣೆ. ಒಲೆ ಹೊತ್ತಿತು, ಬೆಲ್ಲ ಕರಗಿತು, ಒಣಗಿದ ಗೋಡೆಗಳು ಸಾರಣೆಗೆ ಮೃದುವಾಗಿ ಉಬ್ಬಿದವು.

ಮರುದಿನವೇ ಎಮ್ಮೆ ಬೆದೆಗೆ ಬಂದು ಕೂಗತೊಡಗಿತು. ಚನ್ನಬಸಪ್ಪ ಓಡಿ ಬಂದು ಕೋಣಕ್ಕೆ ಬಿಡಲು ಹಗ್ಗಕ್ಕೆ ಕೈಹಾಕಿದ. ಸೋನುಬಾಯಿ ಅಡ್ಡ ನಿಂತಳು.

"ಮಂದಿ ಮನಿ ಸಾರಸಾಕತ್ತಾರ, ಚನ್ನಪ್ಪಾ. ಮದುಮಗಳು ಇನ್ನಾ ಬಂದಿಲ್ಲ."

"ಎಮ್ಮಿ ಹೊಟ್ಯಾಗ ಮದುವಿ ಹೂಡಿಯೇನು? ಅಕ್ಷತಿ ಒಗಿಯಾಕ ನನಗೂ ಒಂದು ಅಕ್ಕಿಕಾಳು ಕೊಡು!"

ಕೇರಿಯೇ ನಕ್ಕಿತು. ಬಂದ ಬೆದೆಯನ್ನು ಕೈಯಾರೆ ಕಳೆದಳೆಂದು ಆಡಿಕೊಂಡಿತು.

ತಿಂಗಳು ತುಂಬುವ ಮೊದಲೇ ಚನ್ನಬಸಪ್ಪ ಮನ್ನಾಏಖೇಳ್ಳಿಯ ಗುಂಡಪ್ಪನನ್ನು ಎಮ್ಮೆ ಕೊಳ್ಳಲು ಕರೆತಂದ. ಗುಂಡಪ್ಪ ಎಮ್ಮೆಯ ತುಟಿ ಎತ್ತಿ ಹಲ್ಲು ನೋಡಿದ. ಈ ಸಲ ಅದು ಕೂಗುತ್ತಿರಲಿಲ್ಲ, ಕನಸಿನಲ್ಲಿದ್ದಂತೆ ಮೆಲುಕು ಹಾಕುತ್ತಿತ್ತು. ಹಿಂದೆ ನಿಂತಿದ್ದ ಸೋನುಬಾಯಿಗೆ ಮಾತ್ರ ಕಂಡಿತು: ಬಾಲದ ಕೆಳಗೆ ತಿಳಿಯಾದ ಲೋಳೆಯ ಎಳೆಯೊಂದು ಬಿಸಿಲಿಗೆ ಹೊಳೆಯುತ್ತ ಇಳಿದಿತ್ತು. ಬೆದೆ ತಾನಾಗಿಯೇ ಬಂದಿತ್ತು.

"ನೀವೇ ಹೇಳ್ರಿ ಬಾಯಿ, ನಿಮ್ಮ ಮನಸಿನಾಗ ಏನದ?" ಎಂದ ಗುಂಡಪ್ಪ.

"ಆಕಿಗೇನ್ ಕೇಳ್ತೀರಿ?" ಚನ್ನಬಸಪ್ಪ ನಡುವೆ ಬಾಯಿ ಹಾಕಿದ. " ಎಮ್ಮಿ ಮಾತು ನನ್ನ ಕೂಡ ಆಡ್ರಿ. ನೋಡ್ರಿ, ಕೊನೀ ಮಾತು ಅಂದ್ರ..."

ಸೋನುಬಾಯಿ ಗೂಟದ ಹಗ್ಗ ಬಿಚ್ಚಿದಳು.

"ಏ ವೈನಿ, ಇಲ್ಲಿ ಮಾತಾಡಾಕತ್ತೀವಿ!"

ಅವಳು ಊರ ಕೋಣ ಕಟ್ಟಿದ್ದ ಕಣದ ಹಾದಿ ಹಿಡಿದಾಗಿತ್ತು.