ಮಾರ್ಟಿನಣ್ಣನ ಕಣಿವೆ

ಮೊನ್ನೆ ದೋಹಾದ ಅಲ್ ಥುಮಾಮಾ ಬಡಾವಣೆಯ ಸಿಗ್ನಲ್ಲಿನಲ್ಲಿ ಒಣಹುಲ್ಲು ಹೇರಿಕೊಂಡ ಪಿಕಪ್ಪೊಂದು ನನ್ನ ಕಾರಿನ ಪಕ್ಕ ಬಂದು ನಿಂತಿತು. ಮರಳುಗಾಡಿನ ಯಾವುದೋ ಕುರಿದೊಡ್ಡಿಗೆ ಹೊರಟದ್ದಿರಬೇಕು. ನಾನು ಕಿಟಕಿ ಇಳಿಸಿದೆ. ಬಿಸಿಗಾಳಿಯ ಜೊತೆ ಹುಲ್ಲಿನ ವಾಸನೆಯೂ ಒಳಗೆ ಬಂತು. "ಎ.ಸಿ. ಹಾಕಿ ಕಿಟಕಿ ತೆಗೀತೀರಲ್ಲ, ನಿಮಗೆ ಮಂಡೆ ಸಮ ಉಂಟಾ?" ಎಂದು ಹೆಂಡತಿ ಸೆರಗಿನಿಂದ ಗಾಳಿ ಹಾಕಿಕೊಂಡಳು. ಸಿಗ್ನಲ್ ಬಿಟ್ಟಿತು, ಪಿಕಪ್ ಬಲಕ್ಕೆ ಹೋಯಿತು. ನಾನು ಕಿಟಕಿ ಏರಿಸಿದೆನೇ ಹೊರತು ಅವಳಿಗೆ ಉತ್ತರ ಕೊಡಲಿಲ್ಲ.

ನಿಮಗೆ ಕೊಡುತ್ತೇನೆ. ಈ ಹುಚ್ಚು ಮೂಲದಲ್ಲಿ ನನ್ನದಲ್ಲ, ಮಾರ್ಟಿನಣ್ಣನದು.

ನಾನು ಕತಾರಿನ ತೈಲದೂರು ದುಖಾನ್‌ನಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ಮಾರ್ಟಿನ್ ಅಲ್ಲಿ ಸರ್ವೇ ವಿಭಾಗದಲ್ಲಿದ್ದ. ಆಲ್ಪ್ಸ್ ಬೆಟ್ಟಗಳ ನಡುವಿನ ಒಂದು ಹಳ್ಳಿಗಾಡು ಜಿಲ್ಲೆಯವನು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವನು. ಹೆಸರು ಹಿಡಿದು ಕರೆಯಲು ನಾಲಿಗೆ ಏಳದೆ ಮೊದಲ ವಾರವೇ "ಮಾರ್ಟಿನಣ್ಣ" ಅಂದೆ. ಅದರ ಅರ್ಥ ಕೇಳಿ ತಿಳಿದುಕೊಂಡವನು, ಆಮೇಲೆ ಬರೀ ಮಾರ್ಟಿನ್ ಎಂದರೆ ತಿರುಗಿಯೂ ನೋಡುತ್ತಿರಲಿಲ್ಲ. ಗುರುವಾರ ಸಂಜೆ ಇಬ್ಬರೂ ಅವನ ಕಾರಿನಲ್ಲಿ ದೋಹಾಕ್ಕೆ ಬರುತ್ತಿದ್ದೆವು. ದುಖಾನ್ ರಸ್ತೆಯನ್ನು ಕಂಡವರಿಗೆ ಗೊತ್ತು, ಅಲ್ಲಿ ತಿರುವು ಅಂತ ಒಂದು ಸಿಕ್ಕಿದರೆ ಅದೇ ಸುದ್ದಿ. ಅಂಥ ರಸ್ತೆಯಲ್ಲಿ ನಿದ್ದೆ ಬಾರದಿರಲೆಂದು ಮಾರ್ಟಿನಣ್ಣ ತನ್ನ ಊರಿನ ತಿರುವುಗಳನ್ನು ಹೇಳುತ್ತಿದ್ದ.

ಆಲ್ಪ್ಸ್ ಎಂದರೆ ನನಗೆ ಗೊತ್ತಿದ್ದದ್ದು ಸಿನಿಮಾದ ನಾಯಕಿ ತೆಳ್ಳಗಿನ ಸೀರೆಯುಟ್ಟು ಹಿಮದಲ್ಲಿ ಕುಣಿಯುವ ಜಾಗ ಎಂದಷ್ಟೆ. "ಅವಳಿಗೆ ಚಳಿ ಆಗುವುದಿಲ್ಲವಾ?" ಎಂದು ನಾನು ಗಂಭೀರವಾಗಿಯೇ ಕೇಳಿದ್ದೆ. "ನಮ್ಮ ಕಣಿವೆಗೆ ಯಾವ ನಾಯಕಿಯೂ ಬರುವುದಿಲ್ಲ ತಮ್ಮಾ, ಅಲ್ಲಿ ಬಿಸಿಲೇ ಇಲ್ಲ" ಎಂದಿದ್ದ. ಅಂದು ದಾರಿಬದಿಯ ಚಹಾದಂಗಡಿಯಲ್ಲಿ ಕರಕ್ ಚಹಾ ಕುಡಿಯುತ್ತಾ ಒಂದು ಕುಬ್ಬೂಸ್ ರೊಟ್ಟಿಯನ್ನು ಎರಡೂ ಕಡೆಯಿಂದ ಒತ್ತಿ, ಮಡಿಕೆ ಎಬ್ಬಿಸಿ ಬೆಟ್ಟ ಮಾಡಿದ. ನಡುವಿನ ತಗ್ಗಿಗೆ ಕರಕ್ ಸುರಿದ, ಅದು ನದಿ. ಈ ಮಗ್ಗುಲು ಬಿಸಿಲಿನದು, ಆ ಮಗ್ಗುಲು ನೆರಳಿನದು. ನೆರಳಿನ ಮಗ್ಗುಲಲ್ಲಿ ಎಲ್ಲಕ್ಕಿಂತ ಮೇಲಿನ ಹಳ್ಳಿ ಅವನದು. ಚಳಿಗಾಲ ಶುರುವಾದರೆ ಎರಡೂವರೆ ತಿಂಗಳು ಅಲ್ಲಿ ಸೂರ್ಯ ಕಾಣಿಸುವುದಿಲ್ಲ. ಮತ್ತೆ ಕಾಣಿಸಿಕೊಂಡ ದಿನ ಮುದುಕರೆಲ್ಲ ಅಂಗಳಕ್ಕೆ ಕುರ್ಚಿ ಹಾಕಿಕೊಂಡು ಕೂರುತ್ತಾರಂತೆ. ಪಾಠ ಮುಗಿದ ಮೇಲೆ ಆ ಜಿಲ್ಲೆಯನ್ನು ಇಬ್ಬರೂ ಹರಿದು ತಿಂದೆವು.

ರಸ್ತೆ ಆಗುವ ಮೊದಲು ಅಲ್ಲಿ ಓಡಾಡುತ್ತಿದ್ದದ್ದು ಹೇಸರಗತ್ತೆಗಳು. ಕಣಿವೆಯಾಚೆಯಿಂದ ಉಪ್ಪು ಬರುತ್ತಿತ್ತು, ಈಚೆಯಿಂದ ಚೀಸ್ ಹೋಗುತ್ತಿತ್ತು. ನಮ್ಮ ಕಡಲ ಬದಿಯಿಂದಲೂ ಎತ್ತುಗಳ ಮೇಲೆ ಉಪ್ಪು ಹೇರಿ ಘಟ್ಟ ಹತ್ತಿಸುತ್ತಿದ್ದರಂತೆ ಎಂದು ನಾನು ಹೇಳಿದಾಗ, "ಹಾಗಾದರೆ ನಾವು ನೆಂಟರು" ಎಂದು ಸ್ಟಿಯರಿಂಗ್ ಬಿಟ್ಟು ಕೈಕುಲುಕಿದ. ಆಮೇಲೆ ರಸ್ತೆಯಾಯಿತು, ಹಳದಿ ಬಣ್ಣದ ಅಂಚೆ ಬಸ್ಸು ಬಂತು. ಕಾಣದ ತಿರುವುಗಳಲ್ಲಿ ಹಾರ್ನ್ ಹಾಕುತ್ತಾ ಹತ್ತುವ ಆ ಬಸ್ಸಿನಲ್ಲಿ ಕಾಗದ, ಔಷಧಿ, ಬ್ರೆಡ್ಡು, ಶಾಲೆ ಮಕ್ಕಳು, ಒಮ್ಮೊಮ್ಮೆ ಒಂದು ಕರು. ಇದು ನನಗೆ ಹೊಸತೇನಲ್ಲ. ನಮ್ಮ ಊರಿನ ಸರ್ವಿಸ್ ಬಸ್ಸಿನ ಡ್ರೈವರು ಮೀನಿನ ಬುಟ್ಟಿಯಿಂದ ಮದುವೆ ಕಾಗದದವರೆಗೆ ಎಲ್ಲವನ್ನೂ ತಲುಪಿಸುತ್ತಿದ್ದರು. ಮಾರ್ಟಿನಣ್ಣ ಆ ಹಾರ್ನನ್ನು ಬಾಯಲ್ಲೇ ಬಾರಿಸಿ ತೋರಿಸುವಾಗ ನಮ್ಮ ಹಿಂದಿನ ಲಾರಿಯವನು ತಪ್ಪು ತಿಳಿದುಕೊಂಡದ್ದೂ ಉಂಟು.

ಕೊನೆಗೆ ಸುರಂಗ ಬಂತು. ಹನ್ನೆರಡು ತಿಂಗಳೂ ರಸ್ತೆ ತೆರೆದೇ ಇರುವಂತಾಯಿತು. ಬ್ಯಾಂಡು ಬಾರಿಸಿ ಸ್ವಾಗತಿಸಿದ ಜನ ಅದೇ ಸುರಂಗದಲ್ಲಿ ಒಬ್ಬೊಬ್ಬರಾಗಿ ಕೆಳಗಿನ ಪೇಟೆಗೆ ಇಳಿದುಹೋದರು. ಶಾಲೆ ಮುಚ್ಚಿತು, ಅಂಗಡಿ ಮುಚ್ಚಿತು. "ಖಲಾಸ್" ಎನ್ನುತ್ತಿದ್ದ ಮಾರ್ಟಿನಣ್ಣ. ಗಲ್ಫಿಗೆ ಬಂದು ಅವನು ಕಲಿತ ಅರೆಡಜನ್ ಅರಬಿ ಶಬ್ದಗಳಲ್ಲಿ ಅವನಿಗೆ ತುಂಬ ಇಷ್ಟವಾದದ್ದು ಅದು.

ದಾರಿಯಲ್ಲಿ ಹುಲ್ಲಿನ ಗಾಡಿ ಎದುರಾದರೆ ಸಾಕು, ಆಗಸ್ಟಿನ ಸೆಕೆಯಲ್ಲೂ ಕಿಟಕಿ ಇಳಿಸುತ್ತಿದ್ದ. ಯಾಕೆಂದು ನಾನು ಕೇಳಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಇರುತ್ತದೆ ಎಂದುಕೊಂಡು ಕರವಸ್ತ್ರ ಹುಡುಕಿ ಬೆವರು ಒರೆಸಿಕೊಳ್ಳುತ್ತಿದ್ದೆ.

ಆ ವರ್ಷಗಳಲ್ಲೇ ಅಪ್ಪ ಹೋದರು. ಊರಿನಿಂದ ಅಣ್ಣನ ಫೋನ್ ಬಂದಾಗ ನಾನು ಸೈಟಿನಲ್ಲಿದ್ದೆ. ಆಗ ಈ ದೇಶ ಬಿಡಬೇಕಾದರೆ ಕಂಪನಿಯ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಕೊಡಬೇಕಾದವರು ರಜೆಯಲ್ಲಿದ್ದರು. ಅವರನ್ನು ಹುಡುಕಿ, ಸಹಿ ಸಿಕ್ಕಿ, ಟಿಕೆಟ್ ಸಿಕ್ಕಿ ನಾನು ಮಂಗಳೂರಿನಲ್ಲಿ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಮ್ಮಲ್ಲಿ ಹೆಣ ಇಟ್ಟುಕೊಂಡು ಕೂರುವುದಿಲ್ಲ. ಅಪ್ಪ ಬೆಳಿಗ್ಗೆ ಹೋದದ್ದು, ಕತ್ತಲಾಗುವ ಮೊದಲು ಅಣ್ಣ ಬೆಂಕಿ ಕೊಟ್ಟಿದ್ದ. ನಾನು ನೋಡಿದ್ದು ತೋಟದ ಮೂಲೆಯಲ್ಲಿ ಇನ್ನೂ ಬೆಚ್ಚಗಿದ್ದ ಬೂದಿ. ಕಾರ್ಯ ಮುಗಿಸಿ ಬಂದೆ. ಅಣ್ಣನ ಹತ್ತಿರ ಆ ದಿನದ ಬಗ್ಗೆ ಒಂದು ಮಾತೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೇಳಿದರೆ ಜಗಳವಾಗಿಬಿಡುತ್ತದೆ ಎಂದು ಇಬ್ಬರಿಗೂ ಹೆದರಿಕೆ ಇದ್ದಿರಬೇಕು. ಮುಂದೆಯೂ ಫೋನಿನಲ್ಲಿ ಮಳೆ, ಬೆಳೆ, ಅವನ ಶುಗರ್, ನನ್ನ ಬಿ.ಪಿ. ಇಷ್ಟೇ.

ವಾಪಸ್ ಬಂದ ಮೊದಲ ಗುರುವಾರ ಎಂದಿನಂತೆ ದೋಹಾಕ್ಕೆ ಹೊರಟೆವು. ಮಾರ್ಟಿನಣ್ಣ ತನ್ನ ಊರಿನ ಸುದ್ದಿ ತೆಗೆಯಲಿಲ್ಲ. ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿ, "ಮುಖ ನೋಡಲು ಸಿಕ್ಕಿತಾ?" ಎಂದು ಕೇಳಿದ. ಬೇರೆಯವರೆಲ್ಲ ಅಪ್ಪನಿಗೆ ಎಷ್ಟು ವರ್ಷ, ಏನು ಕಾಯಿಲೆ ಎಂದು ಕೇಳಿದ್ದರು. ಇವನೊಬ್ಬ ಸರಿಯಾದ ಪ್ರಶ್ನೆ ಕೇಳಿದ. ನಾನು ಇಲ್ಲವೆಂದು ತಲೆಯಾಡಿಸಿದೆ.

ಆಗ ಹೇಳಿದ. ಅವನ ಹಳ್ಳಿಗೆ ಸ್ವಂತ ಸ್ಮಶಾನ ಇರಲಿಲ್ಲ. ಇಗರ್ಜಿ, ಸ್ಮಶಾನ ಎರಡೂ ಕೆಳಗಿನ ಊರಿನಲ್ಲಿ. ಚಳಿಗಾಲದಲ್ಲಿ ಹಿಮ ಕುಸಿದು ದಾರಿ ಮುಚ್ಚಿದರೆ ಸತ್ತವರನ್ನು ಒಯ್ಯುವ ಹಾಗಿಲ್ಲ. ಮನೆಯ ಹಿಂದಿನ ಕೊಟ್ಟಿಗೆಯ ಮೇಲೆ ಹುಲ್ಲು ತುಂಬುವ ಅಟ್ಟದಲ್ಲಿ, ಕೊರೆಯುವ ಚಳಿಯಲ್ಲಿ ಮಲಗಿಸಿಡುತ್ತಿದ್ದರು. ದಾರಿ ಬಿಡುವವರೆಗೆ ಅವರು ಅಲ್ಲೇ. ಹೊರಗೆ ದುಡಿಯಲು ಹೋದ ಮಕ್ಕಳು ಅಷ್ಟರಲ್ಲಿ ಹೇಗಾದರೂ ಬಂದು ಸೇರುತ್ತಿದ್ದರು. "ನನ್ನ ಅಜ್ಜಿ ಒಂದು ಚಳಿಗಾಲ ಇಡೀ ಅಟ್ಟದಲ್ಲಿದ್ದಳು. ಶಾಲೆಗೆ ಹೊರಡುವಾಗ ನಾವು ಮಕ್ಕಳು ಕೆಳಗೆ ನಿಂತು, ಅಜ್ಜೀ ಹೋಗಿ ಬರ್ತೇವೆ ಅಂತ ಕೂಗಿ ಹೋಗುತ್ತಿದ್ದೆವು. ನಮಗೆ ಹೆದರಿಕೆಯೇ ಇರಲಿಲ್ಲ. ಹುಲ್ಲಿನ ವಾಸನೆ ಬಂದರೆ ನನಗೆ ಈಗಲೂ ಅಜ್ಜಿ ಮನೆಯಲ್ಲೇ ಇದ್ದಾಳೆ ಅನ್ನಿಸುತ್ತದೆ."

"ನಿಮ್ಮ ಅಮ್ಮ?" ಎಂದೆ.

"ಅಮ್ಮ ಹೋದದ್ದು ಸುರಂಗ ಆದ ಮೇಲೆ. ದಾರಿ ತೆರೆದಿತ್ತಲ್ಲ, ಕಾಯಲು ಯಾರಿಗೂ ಕಾರಣ ಇರಲಿಲ್ಲ. ನಾನು ಇಲ್ಲಿಂದ ಹೋಗಿ ಮುಟ್ಟುವಾಗ ಖಲಾಸ್." ಈ ಸಲ ಆ ಶಬ್ದವನ್ನು ಅವನು ಇಷ್ಟಪಟ್ಟು ಆಡಿದ್ದಲ್ಲ. ಕರಕ್ ಹಾಗೆಯೇ ತಣ್ಣಗಾಯಿತು. ಇಬ್ಬರಿಗೂ ಕುಡಿಯಲು ಮನಸ್ಸಾಗಲಿಲ್ಲ.

ನಿವೃತ್ತಿಯಾಗಿ ಅವನು ಊರಿಗೆ ಹೋದ. ಕೆಳಗಿನ ಪೇಟೆಯಲ್ಲಿ ಇರಬಹುದಿತ್ತು, ಆದರೆ ಮೇಲಿನ ಹಳ್ಳಿಯ ಹಳೆಯ ಮನೆಯನ್ನೇ ರಿಪೇರಿ ಮಾಡಿಕೊಂಡ. ಸೂರ್ಯ ಮರಳಿ ಬಂದ ದಿನ ಅಂಗಳದಲ್ಲಿ ಕುರ್ಚಿ ಹಾಕಿ ಕೂತ ಫೋಟೋ ಪ್ರತಿವರ್ಷ ಕಳಿಸುತ್ತಿದ್ದ. ಬಾ ಬಾ ಎಂದು ಕರೆಯುತ್ತಿದ್ದ. ಮುಂದಿನ ವರ್ಷ, ಮುಂದಿನ ವರ್ಷ ಎಂದು ನಾನು ಹೇಳುತ್ತಿದ್ದೆ. ಗಲ್ಫಿನಲ್ಲಿರುವವರ ಪಂಚಾಂಗದಲ್ಲಿ ಬರೀ ಮುಂದಿನ ವರ್ಷಗಳೇ ಇರುತ್ತವೆ, ನಿಮಗೂ ಗೊತ್ತಿರಬಹುದು.

ಕಳೆದ ಚಳಿಗಾಲದಲ್ಲಿ ಫೋಟೋದ ಬದಲು ಅವನ ತಂಗಿ ರೋಸಾಳ ಫೋನ್ ಬಂತು. ಮಾರ್ಟಿನಣ್ಣ ನಿದ್ದೆಯಲ್ಲೇ ಹೋಗಿದ್ದ. ನಾನು ಏನಾದರೂ ಹೇಳುವ ಮೊದಲೇ ಆಕೆ, "ನೀವು ಯಾವಾಗ ಬರುತ್ತೀರಿ?" ಎಂದು ಕೇಳಿದಳು. ನನಗೆ ಅರ್ಥವಾಗಲಿಲ್ಲ. "ದುಖಾನ್‌ನ ತಮ್ಮ ಬಂದು ಮುಖ ನೋಡುವವರೆಗೆ ನನ್ನನ್ನು ಮಣ್ಣು ಮಾಡಬೇಡಿ ಅಂತ ಹೇಳಿಟ್ಟಿದ್ದಾನೆ. ಈಗ ಯಾರೂ ಹಾಗೆ ಇಡುವುದಿಲ್ಲ. ಆದರೂ ಒಂದು ವಾರ ಇಡಬಹುದು ಅಂದಿದ್ದಾರೆ. ನಾವು ಕಾಯುತ್ತೇವೆ."

ನನಗಾಗಿ ಯಾರೂ ಕಾಯಲಿಲ್ಲ ಎಂಬ ಒಂದು ಸಂಕಟವನ್ನು ಇಷ್ಟು ವರ್ಷ ಹೊತ್ತುಕೊಂಡಿದ್ದವನು ನಾನು. ಬರುತ್ತೇನೆ ಎಂದೆ. ಮರುದಿನದಿಂದ ವೀಸಾಕ್ಕೆ ಓಡಾಡಿದೆ. ಕೈಮುಗಿದು ಕೇಳಿದೆ. ಎಷ್ಟು ಬೇಗ ಅಂದರೂ ಮೂರು ವಾರ ಎಂದರು. ಅವರದ್ದೂ ತಪ್ಪಲ್ಲ, ನನ್ನಂಥವರ ಸಾಲು ಬಾಗಿಲಿನ ಹೊರಗಿನವರೆಗೆ ಇತ್ತು. ರೋಸಾ ದಿನಾ ಸಂಜೆ ಫೋನ್ ಮಾಡಿ "ಆಯಿತಾ?" ಎನ್ನುತ್ತಿದ್ದಳು. ಕೊನೆಗೆ ಹೇಳಬೇಕಾದವನು ನಾನೇ ಎಂದು ಗೊತ್ತಾಯಿತು.

"ಇನ್ನು ಕಾಯಬೇಡಿ" ಎಂದೆ.

ಎರಡೇ ಮಾತುಗಳು. ಹೇಳಿ ಮುಗಿಸುವಷ್ಟರಲ್ಲಿ ಅಣ್ಣ ನೆನಪಾದ. ಅಂದು ತೋಟದ ಮೂಲೆಯಲ್ಲಿ, ಹೊತ್ತು ಇಳಿಯುತ್ತಿರುವಾಗ, ಅಷ್ಟು ಜನರ ನಡುವೆ ಅಣ್ಣನೂ ಇದೇ ಮಾತನ್ನು ಹೇಳಿರಬೇಕು. ಅವನ ಪಕ್ಕದಲ್ಲಿ ಆಗ ಯಾರಿದ್ದರು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಆದರೂ ಫೋನ್ ಮಾಡಿ ಅವನ ಹತ್ತಿರ ಆ ದಿನದ ಮಾತು ತೆಗೆಯಲು ನನಗೆ ಧೈರ್ಯ ಬಂದದ್ದು ಮೊನ್ನೆ, ಸಿಗ್ನಲ್ಲಿನಿಂದ ಮನೆಗೆ ಬಂದ ಮೇಲೆ. ನಾವು ಮಾತಾಡಿದ್ದು ತುಳುವಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವನ ಶುಗರ್ ವಿಚಾರಿಸಿದೆ. ಮಳೆಯ ಸುದ್ದಿ ಆಯಿತು. ಆಮೇಲೆ ಕೇಳಿದೆ.

"ಅಣ್ಣಾ, ಅವತ್ತು ಅಪ್ಪನ ಮುಖ ಹೇಗಿತ್ತು?"

ಆ ಕಡೆ ಟಿ.ವಿ.ಯ ಸದ್ದು ನಿಂತಿತು. ಬಾಗಿಲು ತೆಗೆದು ಅವನು ಜಗಲಿಗೆ ಬಂದದ್ದು ಕೇಳಿಸಿತು.

"ಚಂದ ಇತ್ತು ಮಾರಾಯ," ಎಂದ. "ಆಸ್ಪತ್ರೆಯಲ್ಲಿ ಗಡ್ಡ ಬೆಳೆದಿತ್ತಲ್ಲ, ನಾನೇ ಕೂತು ತೆಗೆದೆ. ಇನ್ನು ಅದೆಲ್ಲ ಎಂತಕ್ಕೆ, ಹೊತ್ತಾಯ್ತು ಅಂತ ಎಲ್ಲರೂ ಬೈದ್ರು. ನಾನು ಕೇಳ್ಲಿಲ್ಲ. ಒಂದು ವೇಳೆ ನೀನು ಬಂದು ಮುಟ್ಟಿದ್ರೆ, ನಿಂಗೆ ಅಪ್ಪ ಅಪ್ಪನ ಹಾಗೇ ಕಾಣಬೇಕಲ್ಲ."

ಅಪ್ಪ ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.